ಪಾಡ್‌ಕಾಸ್ಟ್: ಅಲಿ ವರ್ಸಸ್ ಟೈಸನ್, ಗೆಲ್ಲೋದು ಯಾರು? ನಡೆಯದೇ ಹೋದ ಫೈಟ್‌ಗಳ ಕಥೆ

ಇವತ್ತು ಬಾಕ್ಸಿಂಗ್ ಮಾತಾಡೋಣ.

2024ರ ನವೆಂಬರ್ 15ರಂದು ಅಮೆರಿಕದ ಟೆಕ್ಸಸ್‌ನಲ್ಲಿ ಮೈಕ್ ಟೈಸನ್ ಮತ್ತು ಜೇಕ್ ಪಾಲ್ ನಡುವೆ ಫೈಟ್ ನಡೀತಲ್ಲ, ನಮಗೆ ಅದು ಶನಿವಾರ ಬೆಳಗ್ಗೆ. ನಿಮ್ಮಲ್ಲಿ ಎಷ್ಟೋ ಜನ ಮೊಬೈಲ್‌ನಲ್ಲೇ ನೋಡಿರ್ತೀರಿ. ನೆಟ್‌ಫ್ಲಿಕ್ಸ್ ಬಫರ್ ಆಗ್ತಾ, ನಿಂತು ನಿಂತು ಓಡ್ತಾ ಇತ್ತು. ನಿಜ ಹೇಳ್ಬೇಕಂದ್ರೆ ರಿಂಗ್‌ನಲ್ಲಿ ಟೈಸನ್ ಕೂಡ ಹಾಗೇ ಇದ್ರು. ಅವರಿಗೆ 58, ಪಾಲ್‌ಗೆ 27. ಎರಡೆರಡು ನಿಮಿಷದ ಎಂಟು ರೌಂಡ್ ಮುಗಿದಾಗ ಮೂವರು ತೀರ್ಪುಗಾರರೂ ಪಾಲ್ ಕಡೆಗೇ ಬರೆದರು. ಆಮೇಲೆ ಎಲ್ಲಿ ನೋಡಿದ್ರೂ ಒಂದೇ ಮಾತು: 1988ರ ಟೈಸನ್ ಆಗಿದ್ದಿದ್ರೆ ಒಂದು ನಿಮಿಷ ಸಾಕಾಗ್ತಿತ್ತು.

ಆ ‘ಆಗಿದ್ದಿದ್ರೆ’ ಇದೆಯಲ್ಲ, ಅದೇ ಇವತ್ತಿನ ವಿಷಯ. ಬ್ರಾಡ್ಮನ್‌ಗೆ ಬುಮ್ರಾ ಬೌಲ್ ಮಾಡಿದ್ರೆ ಏನಾಗ್ತಿತ್ತು ಅಂತ ನಾವು ಕ್ರಿಕೆಟ್‌ನಲ್ಲಿ ಜಗಳ ಆಡ್ತೀವಿ. ಬಾಕ್ಸಿಂಗ್ ಅಭಿಮಾನಿಗಳಿಗೆ ಇದು ನೂರು ವರ್ಷದ ಹವ್ಯಾಸ. ಅಲಿ ಮತ್ತು ಟೈಸನ್, ಮಾರ್ಸಿಯಾನೊ ಮತ್ತು ಅಲಿ, ಜೋ ಲೂಯಿಸ್ ಮತ್ತು ಫ್ಯೂರಿ. ‘ಫೈಟ್ ನೈಟ್ ರೌಂಡ್ 4’ ವಿಡಿಯೊ ಗೇಮ್‌ನ ಕವರ್ ಮೇಲೆ ಅಲಿ, ಟೈಸನ್ ಇಬ್ಬರನ್ನೂ ಹಾಕಿದ್ದು ಇದೇ ಆಸೆಗೆ. ನನ್ನ ಉತ್ತರ ಕೊನೆಗೆ ಹೇಳ್ತೀನಿ, ಜಾರಿಕೊಳ್ಳಲ್ಲ. ಅದಕ್ಕೆ ಮುಂಚೆ ಒಂದು ಯಂತ್ರದ ಕಥೆ ಕೇಳಿ.

1967. ಅಮೆರಿಕದ ಮಯಾಮಿಯಲ್ಲಿ ಮರ್ರಿ ವೊರೋನರ್ ಅನ್ನೋ ರೇಡಿಯೊ ನಿರ್ಮಾಪಕರಿದ್ದರು. ಹೆವಿವೇಟ್ ಇತಿಹಾಸದ 16 ಚಾಂಪಿಯನ್ನರನ್ನು ಆರಿಸಿ, ಸತ್ತವರು ಬದುಕಿರುವವರು ಅನ್ನದೆ ಎಲ್ಲರನ್ನೂ ಒಂದೇ ಟೂರ್ನಿಯಲ್ಲಿ ಆಡಿಸೋಣ ಅಂದ್ಕೊಂಡರು. ಆಡಿಸೋದು ಕಂಪ್ಯೂಟರ್, ಹೆಸರು ಎನ್‌ಸಿಆರ್ 315. ಬಾಕ್ಸಿಂಗ್ ಬರಹಗಾರರು, ಪರಿಣತರು ಒಬ್ಬೊಬ್ಬ ಬಾಕ್ಸರ್‌ಗೂ ಅಂಕ ಕೊಟ್ಟರು: ಪಂಚ್ ಎಷ್ಟು ಜೋರು, ಏಟು ತಡೆದುಕೊಳ್ಳೋ ಶಕ್ತಿ ಎಷ್ಟು, ವೇಗ ಎಷ್ಟು, ಚರ್ಮ ಎಷ್ಟು ಬೇಗ ಒಡೆಯುತ್ತೆ. ಯಂತ್ರ ಅದನ್ನೆಲ್ಲ ಅರೆದು ಪಂಚ್ ಪಂಚಿನ ಲೆಕ್ಕ ಕೊಡ್ತು. ಅದನ್ನಿಟ್ಟುಕೊಂಡು ರೇಡಿಯೊದಲ್ಲಿ ನಿಜವಾದ ಫೈಟ್ ಥರಾನೇ ಕಾಮೆಂಟರಿ ಹೇಳಿದರು. ಜನ ಹುಚ್ಚೆದ್ದು ಕೇಳಿದರು. ಫೈನಲ್‌ನಲ್ಲಿ ರಾಕಿ ಮಾರ್ಸಿಯಾನೊ ಜಾಕ್ ಡೆಂಪ್ಸಿಯನ್ನು ಸೋಲಿಸಿ ‘ಸಾರ್ವಕಾಲಿಕ ಶ್ರೇಷ್ಠ’ ಆದರು.

ಮುಹಮ್ಮದ್ ಅಲಿ? ಕ್ವಾರ್ಟರ್ ಫೈನಲ್‌ನಲ್ಲೇ ಔಟ್. ಸೋಲಿಸಿದ್ದು ಜೇಮ್ಸ್ ಜೆಫ್ರೀಸ್, 1899ರಲ್ಲಿ ಚಾಂಪಿಯನ್ ಆದವರು.

ಇಲ್ಲಿ ಸ್ವಲ್ಪ ನಿಲ್ಲೋಣ, ಯಾಕಂದ್ರೆ ಇದು ಬರೀ ಆಟದ ಫಲಿತಾಂಶ ಅಲ್ಲ. 1967ರ ಏಪ್ರಿಲ್ 28ರಂದು ಅಲಿ ವಿಯೆಟ್ನಾಂ ಯುದ್ಧಕ್ಕೆ ಸೇನೆ ಸೇರೋಕೆ ನಿರಾಕರಿಸಿದ್ದರು. ಪಟ್ಟ ಕಿತ್ಕೊಂಡರು, ಲೈಸೆನ್ಸ್ ಕಿತ್ಕೊಂಡರು. 29 ಫೈಟ್, 29 ಗೆಲುವು, 25 ವರ್ಷ ವಯಸ್ಸು, ದುಡಿಯೋಕೆ ದಾರಿ ಇಲ್ಲ. ರಿಂಗ್‌ನಲ್ಲಿ ಯಾರಿಗೂ ಸೋಲಿಸೋಕೆ ಆಗದವರನ್ನು ಒಂದು ಯಂತ್ರ ಸೋಲಿಸ್ತು. ಅದೂ ಯಾರ ಕೈಲಿ? ಜೆಫ್ರೀಸ್ ಚಾಂಪಿಯನ್ ಆದ ಮೇಲೆ ಕಪ್ಪು ಬಾಕ್ಸರ್‌ಗಳ ಜೊತೆ ಪಟ್ಟಕ್ಕಾಗಿ ಆಡೋದಿಲ್ಲ ಅಂದವರು, ಸೋಲದೆ ನಿವೃತ್ತರಾದವರು. 1908ರಲ್ಲಿ ಸಿಡ್ನಿಯಲ್ಲಿ ಜಾಕ್ ಜಾನ್ಸನ್ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಆದಾಗ ಬಿಳಿಯರ ಮಾನ ಉಳಿಸೋಕೆ ಅಂತ ಇದೇ ಜೆಫ್ರೀಸ್‌ನ ಮನೆಯಿಂದ ಎಳೆದು ತಂದರು. 1910ರ ಜುಲೈ 4, ನೆವಾಡದ ರೀನೊ. ಆರು ವರ್ಷ ರಿಂಗ್ ಹತ್ತದಿದ್ದ ಜೆಫ್ರೀಸ್ 15ನೇ ರೌಂಡ್‌ನಲ್ಲಿ ಬಿದ್ದರು. ಅಮೆರಿಕದ ಊರೂರಲ್ಲಿ ಗಲಭೆ ಎದ್ದು ಕಪ್ಪು ಜನರನ್ನು ಹೊಡೆದು ಕೊಂದರು.

ಹಾಗಾಗಿ ಅಲಿ ಕೋರ್ಟಿಗೆ ಹೋದದ್ದು ನನಗೆ ಅತಿ ಅನ್ನಿಸೋದಿಲ್ಲ. ಮಾನಹಾನಿ ಅಂತ 10 ಲಕ್ಷ ಡಾಲರ್ ಕೇಳಿದರು. ವೊರೋನರ್ ಜಾಣರು, ಕೇಸಿನಲ್ಲೇ ಹೊಸ ಶೋ ಕಂಡುಕೊಂಡರು. ರಾಜಿ ಆಯ್ತು: ಅಲಿ ಮತ್ತು ಮಾರ್ಸಿಯಾನೊ ಇಬ್ಬರೂ ಕ್ಯಾಮೆರಾ ಮುಂದೆ ಫೈಟ್ ಅಭಿನಯಿಸೋದು, ಗೆದ್ದವರು ಯಾರು ಅಂತ ಕಂಪ್ಯೂಟರ್ ಹೇಳೋದು. ಅಲಿಗೆ ಸಿಕ್ಕಿದ್ದು ಸುಮಾರು 10 ಸಾವಿರ ಡಾಲರ್ ಮತ್ತು ಲಾಭದಲ್ಲಿ ಪಾಲು.

1969ರಲ್ಲಿ ಮಯಾಮಿಯ ಸ್ಟುಡಿಯೊದಲ್ಲಿ ಬಾಗಿಲು ಹಾಕಿಕೊಂಡು ಶೂಟಿಂಗ್. ಮಾರ್ಸಿಯಾನೊಗೆ 45. ಕೊನೇ ಫೈಟ್ ಆಡಿ 13 ವರ್ಷದ ಮೇಲಾಗಿತ್ತು. ಇದಕ್ಕಾಗಿ ಸುಮಾರು 20 ಕೆ.ಜಿ. ಇಳಿಸಿ, ಬೋಳುತಲೆಗೆ ವಿಗ್ ಹಾಕ್ಕೊಂಡು ಬಂದರು. ಒಂದೊಂದು ನಿಮಿಷದ ಸುಮಾರು 70 ರೌಂಡ್, ಬೇರೆ ಬೇರೆ ಕೊನೆಗಳು. ಯಾವ ಕೊನೆ ಬಳಸ್ತಾರೆ ಅಂತ ಇಬ್ಬರಿಗೂ ಗೊತ್ತಿಲ್ಲ. ಶೂಟಿಂಗ್ ಮುಗಿದ ಕೆಲವೇ ವಾರಕ್ಕೆ, ಆಗಸ್ಟ್ 31ರಂದು, ತಮ್ಮ 46ನೇ ಹುಟ್ಟುಹಬ್ಬದ ಹಿಂದಿನ ದಿನ, ಅಯೋವಾದಲ್ಲಿ ವಿಮಾನ ಬಿದ್ದು ಮಾರ್ಸಿಯಾನೊ ತೀರಿಕೊಂಡರು. 1970ರ ಜನವರಿ 20ರಂದು ಥಿಯೇಟರ್‌ಗಳಲ್ಲಿ ಚಿತ್ರ ಬಂತು. ಅಮೆರಿಕದಲ್ಲಿ 13ನೇ ರೌಂಡ್‌ನಲ್ಲಿ ಅಲಿ ನಾಕೌಟ್. ಆ ಕಂಪ್ಯೂಟರ್ ಅಲಬಾಮಾದಲ್ಲಿ ತಯಾರಾಗಿರಬೇಕು ಅಂತ ಅಲಿ ಗೇಲಿ ಮಾಡಿದ್ದು ಪ್ರಸಿದ್ಧ. ಕಪ್ಪು ಜನರನ್ನು ಬೇರೆಯಾಗಿ ಕೂರಿಸೋದಕ್ಕೆ ಕುಖ್ಯಾತವಾಗಿದ್ದ ರಾಜ್ಯ ಅದು. ಯುರೋಪಿನ ಜನಕ್ಕೆ ತೋರಿಸಿದ ಪ್ರತಿಯಲ್ಲಿ ಗೆದ್ದಿದ್ದು ಯಾರು ಗೊತ್ತಾ? ಅಲಿ!

ಒಂದೇ ಯಂತ್ರ, ಒಂದೇ ಫೈಟ್, ಊರಿಗೊಂದು ಫಲಿತಾಂಶ.

ಬೇಕಂತಲೇ ಮೋಸ ಮಾಡಿದ್ರು ಅಂತ ನಾನು ಹೇಳ್ತಿಲ್ಲ. 1967ರಲ್ಲಿ ಆ ಯಂತ್ರಕ್ಕೆ ಅಲಿ ಬಗ್ಗೆ ಏನು ಗೊತ್ತಿತ್ತು ಅಂತ ನೋಡಿ. ಕಾಲು ಚುರುಕು, ಜ್ಯಾಬ್ ಚುರುಕು. ಏಟು ತಿಂದು ನಿಲ್ತಾರಾ ಅನ್ನೋದು ಗೊತ್ತಿರಲಿಲ್ಲ, ಯಾಕಂದ್ರೆ ಅಲ್ಲಿಯವರೆಗೆ ಅಲಿಗೆ ಸರಿಯಾಗಿ ಏಟು ಬಿದ್ದಿದ್ದೇ ಕಮ್ಮಿ. ಫ್ರೇಜರ್, ನಾರ್ಟನ್, ಫೋರ್‌ಮನ್ ಎಲ್ಲ ಇನ್ನೂ ಮುಂದೆ ಬರಬೇಕಿತ್ತು. ಇವತ್ತು ಅಲಿ ಅಂದ್ರೆ ನಮಗೆ ನೆನಪಾಗೋದು ಕಿನ್ಶಾಸಾದ ಹಗ್ಗಕ್ಕೆ ಒರಗಿ ಏಟು ತಿಂದು ಗೆದ್ದ ಅಲಿ. ಆ ಅಲಿ ಆ ಕಂಪ್ಯೂಟರ್‌ನಲ್ಲಿ ಇರಲೇ ಇಲ್ಲ.

ಈಗಿನ ಯಂತ್ರಗಳು? 2024ರ ಡಿಸೆಂಬರ್ 21ರಂದು ರಿಯಾದ್‌ನಲ್ಲಿ ಉಸಿಕ್ ಮತ್ತು ಫ್ಯೂರಿ ಎರಡನೇ ಸಲ ಎದುರಾದಾಗ ಪ್ರಯೋಗಕ್ಕೆ ಅಂತ ಒಂದು ಎಐ ತೀರ್ಪುಗಾರನನ್ನು ಕೂರಿಸಿದ್ದರು, ಲೆಕ್ಕಕ್ಕಿಲ್ಲದ ತೀರ್ಪು. ಮೂವರು ಮನುಷ್ಯರು 116-112 ಅಂತ ಬರೆದರು, ಎಐ 118-112 ಅಂದಿತು. ಗೆದ್ದವರು ಉಸಿಕ್ಕೇ. ಕಣ್ಣೆದುರು ನಡೆದ ಫೈಟ್‌ನಲ್ಲೇ ಎರಡು ಅಂಕ ವ್ಯತ್ಯಾಸ. ನಡೆಯದ ಫೈಟ್ ಗತಿ ಏನು?

ಇನ್ನು ನಿಯಮಗಳು. ನನಗೆ ಇದು ಬಹಳ ಇಷ್ಟದ ಭಾಗ, ಒಂದು ಗಂಟೆ ಬೇಕಾದ್ರೂ ಮಾತಾಡ್ತೀನಿ. ‘ಯಾರು ಗೆಲ್ತಾರೆ’ ಅನ್ನೋದಕ್ಕಿಂತ ಮೊದಲು ‘ಎಷ್ಟು ರೌಂಡ್’ ಅಂತ ಕೇಳಬೇಕು. ಮೊದಲು ಪಟ್ಟದ ಫೈಟ್ ಅಂದ್ರೆ 15 ರೌಂಡ್. 1982ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಕೊರಿಯಾದ ಡುಕ್ ಕೂ ಕಿಮ್, ರೇ ಮಾನ್ಸಿನಿ ಜೊತೆ ಆಡಿ 14ನೇ ರೌಂಡ್‌ನಲ್ಲಿ ಬಿದ್ದವರು ಕೆಲವೇ ದಿನದಲ್ಲಿ ಸತ್ತರು. ಆಮೇಲೆ ಡಬ್ಲ್ಯುಬಿಸಿ 12 ರೌಂಡ್‌ಗೆ ಇಳಿಸಿತು, ಉಳಿದ ಸಂಸ್ಥೆಗಳೂ ಕೆಲ ವರ್ಷದಲ್ಲಿ ಹಿಂಬಾಲಿಸಿದವು. ಆ ಮೂರು ರೌಂಡ್ ತೆಗೆದು ಹಳೇ ಇತಿಹಾಸ ಓದಿ ನೋಡಿ, ಮಜಾ ಇದೆ.

1952ರ ಸೆಪ್ಟೆಂಬರ್, ಫಿಲಡೆಲ್ಫಿಯಾ. ಚಾಂಪಿಯನ್ ಜರ್ಸಿ ಜೋ ವಾಲ್ಕಾಟ್ ಮೊದಲ ರೌಂಡ್‌ನಲ್ಲೇ ಮಾರ್ಸಿಯಾನೊನ ಕೆಡವಿದರು. 12 ರೌಂಡ್ ಮುಗಿದಾಗ ಮೂರೂ ಸ್ಕೋರ್‌ಕಾರ್ಡ್‌ನಲ್ಲಿ ವಾಲ್ಕಾಟ್ ಮುಂದೆ. 13ನೇ ರೌಂಡ್‌ನಲ್ಲಿ ಮಾರ್ಸಿಯಾನೊದು ಒಂದೇ ಒಂದು ರೈಟ್, ವಾಲ್ಕಾಟ್ ಹಗ್ಗಕ್ಕೆ ಸಿಕ್ಕಿಕೊಂಡು ಕುಸಿದರು. ಇವತ್ತಿನ ನಿಯಮದಲ್ಲಿ ಆ ರೈಟ್ ಹೊಡೆಯೋ ಹೊತ್ತಿಗೆ ವಾಲ್ಕಾಟ್ ಬೆಲ್ಟ್ ಹೊದ್ದು ಮನೆಗೆ ಹೋಗಿರ್ತಿದ್ದರು. ಎಲ್ಲರೂ ಹೇಳೋ ಆ 49-0 ಇರ್ತಿರಲಿಲ್ಲ.

1941ರಲ್ಲೂ ಹೀಗೇ. ಜೋ ಲೂಯಿಸ್‌ಗೆ ಎದುರಾಗಿ ಬಿಲ್ಲಿ ಕಾನ್, 80 ಕೆ.ಜಿ.ಯೂ ಇಲ್ಲದ ಹುಡುಗ. 12 ರೌಂಡ್ ಆದಾಗ ಎರಡು ಕಾರ್ಡ್‌ನಲ್ಲಿ ಕಾನ್ ಮುಂದೆ, ಮೂರನೇದ್ರಲ್ಲಿ ಸಮ. 13ರಲ್ಲಿ ಬಿಸಿರಕ್ತ ಕೇಳಲಿಲ್ಲ, ನಾಕೌಟ್ ಮಾಡೋಕೆ ಹೋಗಿ ತಾವೇ ನಾಕೌಟ್ ಆದರು.

ಡೆಂಪ್ಸಿ ವಿಷಯ ಇನ್ನೂ ಬೇರೆ. 1919ರಲ್ಲಿ 85 ಕೆ.ಜಿ.ಯ ಡೆಂಪ್ಸಿ, 111 ಕೆ.ಜಿ., ಆರೂವರೆ ಅಡಿಯ ಜೆಸ್ ವಿಲ್ಲರ್ಡ್‌ನ ಒಂದೇ ರೌಂಡ್‌ನಲ್ಲಿ ಏಳು ಸಲ ಕೆಡವಿದರು. ದೇಹ ಮುಖ್ಯ ಅಲ್ಲ ಅನ್ನೋರು ಈ ಫೈಟನ್ನೇ ತೋರಿಸ್ತಾರೆ. ಆದ್ರೆ ಆಗ ಬಿದ್ದವರ ಪಕ್ಕದಲ್ಲೇ ನಿಂತಿದ್ದು, ಏಳ್ತಿದ್ದ ಹಾಗೇ ಮತ್ತೆ ಹೊಡೀಬಹುದಿತ್ತು. ದೂರದ ಮೂಲೆಗೆ ಹೋಗಿ ನಿಲ್ಲೋ ನಿಯಮ ಬಂದ ಮೇಲೆ, 1927ರಲ್ಲಿ ಶಿಕಾಗೊದಲ್ಲಿ ಜೀನ್ ಟನಿ ಬಿದ್ದಾಗ, ಡೆಂಪ್ಸಿ ಹಳೇ ಚಾಳಿಯಲ್ಲಿ ಅಲ್ಲೇ ನಿಂತರು. ರೆಫರಿ ಎಣಿಕೆ ಶುರು ಮಾಡಲಿಲ್ಲ. ಟನಿಗೆ ಹತ್ತಲ್ಲ, ಹೆಚ್ಚುಕಮ್ಮಿ 14 ಸೆಕೆಂಡ್ ಸಿಕ್ತು. ಎದ್ದರು, ಗೆದ್ದರು. ಹಾಗಾದ್ರೆ ಡೆಂಪ್ಸಿನ ಇವತ್ತಿನ ರಿಂಗ್‌ಗೆ ಕರೆತಂದ್ರೆ ಯಾವ ನಿಯಮದಲ್ಲಿ ಆಡಿಸ್ತೀರಿ?

‘ಈಗಿನವರು ದೊಡ್ಡವರು, ಹಳಬರು ನಿಲ್ಲೋದೇ ಇಲ್ಲ’ ಅನ್ನೋ ವಾದದಲ್ಲಿ ಅರ್ಧ ಸತ್ಯ ಇದೆ. ಟೈಸನ್ ಫ್ಯೂರಿ ಆರಡಿ ಒಂಬತ್ತಿಂಚು. 2020ರಲ್ಲಿ ವೈಲ್ಡರ್‌ನ ಸೋಲಿಸಿದಾಗ 124 ಕೆ.ಜಿ. ಮಾರ್ಸಿಯಾನೊ ಐದಡಿ ಹತ್ತಿಂಚು, 85 ಕೆ.ಜಿ. ಇವತ್ತಾಗಿದ್ರೆ ಅವರು ಹೆವಿವೇಟೇ ಅಲ್ಲ, ಕೆಳಗಿನ ಕ್ರೂಸರ್‌ವೇಟ್ ವಿಭಾಗ. ಫ್ಯೂರಿ ಎದುರು ಮಾರ್ಸಿಯಾನೊನ ನಿಲ್ಲಿಸೋದು ನನ್ನ ಪ್ರಕಾರ ಕ್ರೂರ. ಆದ್ರೆ ಅದೇ ಕ್ರೂಸರ್‌ವೇಟ್‌ನಿಂದ ಮೇಲೆ ಬಂದ ಉಸಿಕ್, ತನಗಿಂತ ಸುಮಾರು 25 ಕೆ.ಜಿ. ಜಾಸ್ತಿ ತೂಗ್ತಿದ್ದ ಫ್ಯೂರಿನ ಎರಡನೇ ಸಲವೂ ಸೋಲಿಸಿದರಲ್ಲ. ಉಸಿಕ್‌ಗೂ ಅಲಿಗೂ ಒಂದೇ ಎತ್ತರ, ಆರಡಿ ಮೂರಿಂಚು. ಆದ್ದರಿಂದ ಅಲಿ, ಹೋಮ್ಸ್ ಅಂಥವರನ್ನು ‘ಚಿಕ್ಕವರು’ ಅಂತ ತಳ್ಳಿಹಾಕೋದನ್ನ ನಾನು ಒಪ್ಪಲ್ಲ.

ಇನ್ನೊಂದು ತಮಾಷೆ. ಎ ಬಿಯನ್ನ ಸೋಲಿಸಿದ್ರೆ, ಬಿ ಸಿಯನ್ನ ಸೋಲಿಸಿದ್ರೆ, ಎ ಸಿಯನ್ನೂ ಸೋಲಿಸ್ತಾರೆ ಅಂತ ನಾವು ಲೆಕ್ಕ ಹಾಕ್ತೀವಿ. 1971ರಲ್ಲಿ ಫ್ರೇಜರ್ ಅಲಿನ ಸೋಲಿಸಿದರು. 1973ರಲ್ಲಿ ಫೋರ್‌ಮನ್ ಫ್ರೇಜರ್‌ನ ಎರಡೇ ರೌಂಡ್‌ನಲ್ಲಿ ಆರು ಸಲ ಕೆಡವಿದರು. ಅದೇ ವರ್ಷ ನಾರ್ಟನ್ ಅಲಿಯ ದವಡೆ ಮುರಿದು ಗೆದ್ದರು, ಮರುವರ್ಷ ಫೋರ್‌ಮನ್ ನಾರ್ಟನ್‌ನೂ ಎರಡೇ ರೌಂಡ್‌ನಲ್ಲಿ ಮುಗಿಸಿದರು. ಈ ಲೆಕ್ಕದಲ್ಲಿ ಫೋರ್‌ಮನ್ ಮುಂದೆ ಅಲಿ ಒಂದು ರೌಂಡ್ ಉಳಿದರೆ ಹೆಚ್ಚು. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ಎಂಟನೇ ರೌಂಡ್‌ನಲ್ಲಿ ನೆಲಕ್ಕೆ ಬಿದ್ದವರು ಫೋರ್‌ಮನ್! ಕಲ್ಲು-ಕಾಗದ-ಕತ್ತರಿ ಆಟ ಇದು. ಒಂದೇ ಕಾಲದವರಲ್ಲೇ ಲೆಕ್ಕ ಹೀಗೆ ತಲೆಕೆಳಗಾಗುತ್ತೆ. 1990ರಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಸ್ ಟೈಸನ್‌ನ ನಾಕೌಟ್ ಮಾಡಿದಾಗ ಬೆಟ್ಟಿಂಗ್ ದರ 42ಕ್ಕೆ 1 ಇತ್ತು. ಯಾವ ಕಂಪ್ಯೂಟರ್ ಡಗ್ಲಸ್ ಅಂತ ಹೇಳ್ತಿತ್ತು?

ಸರಿ, ಮಾತು ಕೊಟ್ಟಿದ್ದೀನಿ. ಅಲಿ, ಟೈಸನ್.

ನನ್ನ ಅಲಿ 1966ರ ನವೆಂಬರ್‌ನವರು, ಹ್ಯೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನ ಮೂರು ರೌಂಡ್‌ನಲ್ಲಿ ಮುಗಿಸಿದವರು. ನನ್ನ ಟೈಸನ್ 1988ರ ಜೂನ್‌ನವರು, ಮೈಕಲ್ ಸ್ಪಿಂಕ್ಸ್‌ನ 91 ಸೆಕೆಂಡ್‌ನಲ್ಲಿ ಮಲಗಿಸಿದವರು. 12 ರೌಂಡ್. ಟೈಸನ್‌ಗೆ ಏನು ಅವಕಾಶ ಇದೆ? ಬಹಳ ಇದೆ. ಅಲಿ ಕೈ ಕೆಳಗೆ ಬಿಟ್ಟು, ತಲೆ ಹಿಂದಕ್ಕೆ ಎಳೆದು ಏಟು ತಪ್ಪಿಸ್ತಿದ್ದರು. ಆ ಅಭ್ಯಾಸಕ್ಕೆ ಲೆಫ್ಟ್ ಹುಕ್ ಯಮ. 1963ರಲ್ಲಿ ಹೆನ್ರಿ ಕೂಪರ್ ಕೆಡವಿದ್ದು ಅದರಲ್ಲೇ, 1971ರ 15ನೇ ರೌಂಡ್‌ನಲ್ಲಿ ಫ್ರೇಜರ್ ಕೆಡವಿದ್ದೂ ಅದರಲ್ಲೇ. ಟೈಸನ್‌ದು ಅವರಿಬ್ಬರಿಗಿಂತ ವೇಗದ ಕೈ. ಮೊದಲ ನಾಲ್ಕು ರೌಂಡ್‌ನಲ್ಲಿ ಅಲಿ ಒಂದು ಸಲ ಕೆಳಗೆ ಬೀಳ್ತಾರೆ ಅಂತ ನಾನು ಬರೆದು ಕೊಡ್ತೀನಿ.

ಆದ್ರೆ ಆ ಎರಡೂ ಸಲ ಅಲಿ ಎದ್ದರು. ಟೈಸನ್ ತೊಂದರೆಪಟ್ಟ ಫೈಟ್‌ಗಳನ್ನೂ ನೋಡಿ. 1986ರಲ್ಲಿ ಜೇಮ್ಸ್ ಟಿಲ್ಲಿಸ್ ಓಡಾಡಿಕೊಂಡೇ ಹತ್ತು ರೌಂಡ್ ನಿಂತರು. 1987ರಲ್ಲಿ ‘ಬೋನ್‌ಕ್ರಷರ್’ ಸ್ಮಿತ್ ಅಪ್ಪಿ ಹಿಡಿದುಕೊಂಡೇ 12 ರೌಂಡ್ ಕಳೆದರು, ನೋಡೋರು ಆಕಳಿಸಿದರು. ಡಗ್ಲಸ್ ಉದ್ದ ಜ್ಯಾಬ್‌ನಿಂದ ದೂರ ಇಟ್ಟರು. ಓಡಾಟ, ಅಪ್ಪಿ ಹಿಡಿಯೋದು, ಉದ್ದ ಜ್ಯಾಬ್. ಮೂರೂ ಗೊತ್ತಿದ್ದ ಒಬ್ಬರೇ ಬಾಕ್ಸರ್ ಅಲಿ. ಎದುರಾಳಿಯ ಕುತ್ತಿಗೆ ಹಿಡಿದು ಕೆಳಗೆ ಒತ್ತೋದ್ರಲ್ಲಿ ಅವರು ಎತ್ತಿದ ಕೈ, ನಿಯಮಕ್ಕೆ ವಿರುದ್ಧವಾದ್ರೂ. ಕಟ್ಟುನಿಟ್ಟಿನ ರೆಫರಿ ಇದ್ದು ಅಂಕ ಕಿತ್ತುಕೊಂಡರೆ ನನ್ನ ಲೆಕ್ಕ ಅಲುಗಾಡುತ್ತೆ. ಇನ್ನು ಎದುರಾಳಿನ ಹೆದರಿಸಿ ಅರ್ಧ ಗೆಲ್ಲೋ ಟೈಸನ್ ವಿದ್ಯೆ, ಸನ್ನಿ ಲಿಸ್ಟನ್‌ಗೇ ಬಗ್ಗದ ಅಲಿ ಹತ್ರ ನಡೆಯಲ್ಲ. ಹತ್ತು ಸಲ ಆಡಿಸಿದ್ರೆ ಏಳು ಸಲ ಅಲಿ, ಪಾಯಿಂಟ್ಸ್ ಮೇಲೆ. 15 ರೌಂಡ್ ಆದ್ರೆ ನಾಕೌಟೇ. ಬೈಯೋರು ಬೈಬಹುದು.

ಈಗ ಮತ್ತೆ ಆ ವೊರೋನರ್ ಪಟ್ಟಿಗೆ ಬರ್ತೀನಿ. 16 ಹೆಸರು, ಎಲ್ಲ ಚಾಂಪಿಯನ್ನರೇ. ಸಹಜ ಅನ್ಸುತ್ತೆ, ಅಲ್ವಾ? ಆದ್ರೆ ಚಾಂಪಿಯನ್ ಆಗೋಕೆ ಯಾರಿಗೆ ಬಿಟ್ಟಿದ್ರು ಅಂತ ಯಾರೂ ಕೇಳಲಿಲ್ಲ.

ಪೀಟರ್ ಜಾಕ್ಸನ್, ಕಪ್ಪು ಬಾಕ್ಸರ್, ಆಸ್ಟ್ರೇಲಿಯಾದಲ್ಲಿ ಬೆಳೆದವರು. 1891ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ಜಿಮ್ ಕಾರ್ಬೆಟ್ ಜೊತೆ 61 ರೌಂಡ್ ಆಡಿದರು, ಯಾರೂ ಗೆಲ್ಲಲಿಲ್ಲ. 61! ಮರುವರ್ಷ ಕಾರ್ಬೆಟ್, ಜಾನ್ ಎಲ್. ಸಲಿವನ್‌ನ ಸೋಲಿಸಿ ಚಾಂಪಿಯನ್ ಆದರು. ಜಾಕ್ಸನ್‌ಗೆ ಆ ಅವಕಾಶ ಸಿಗಲೇ ಇಲ್ಲ, ಕಪ್ಪು ಬಾಕ್ಸರ್ ಜೊತೆ ಆಡೋದಿಲ್ಲ ಅಂತ ಸಲಿವನ್ ಖಡಾಖಂಡಿತ ಹೇಳಿಬಿಟ್ಟಿದ್ದರು.

ಸ್ಯಾಮ್ ಲ್ಯಾಂಗ್‌ಫರ್ಡ್, ಕೆನಡಾದವರು, ಐದೂವರೆ ಅಡಿಗಿಂತ ಸ್ವಲ್ಪ ಎತ್ತರ ಅಷ್ಟೇ. ಲೈಟ್‌ವೇಟ್‌ನಿಂದ ಹೆವಿವೇಟ್‌ವರೆಗೆ ಎಲ್ಲರ ಜೊತೆ ಆಡಿದವರು. ಇವರ ವಿಷಯದಲ್ಲಿ ಬಾಗಿಲು ಹಾಕಿದ್ದು ಬಿಳಿಯರು ಮಾತ್ರ ಅಲ್ಲ. 1906ರಲ್ಲಿ ಲ್ಯಾಂಗ್‌ಫರ್ಡ್‌ನ ಸೋಲಿಸಿದ್ದ ಜಾಕ್ ಜಾನ್ಸನ್, ಚಾಂಪಿಯನ್ ಆದ ಮೇಲೆ ಅವರಿಗೆ ಒಮ್ಮೆಯೂ ಪಟ್ಟದ ಫೈಟ್ ಕೊಡಲಿಲ್ಲ. ಬೇರೆ ದಾರಿ ಇಲ್ಲದೆ ಕಪ್ಪು ಬಾಕ್ಸರ್‌ಗಳು ತಮ್ಮತಮ್ಮಲ್ಲೇ ಮತ್ತೆ ಮತ್ತೆ ಹೊಡೆದಾಡಿದರು. ಲ್ಯಾಂಗ್‌ಫರ್ಡ್ ಮತ್ತು ಹ್ಯಾರಿ ವಿಲ್ಸ್ ಹದಿನೈದಕ್ಕೂ ಹೆಚ್ಚು ಸಲ ಎದುರಾದರು. ಕೊನೆಗೆ ಲ್ಯಾಂಗ್‌ಫರ್ಡ್‌ಗೆ ಎರಡೂ ಕಣ್ಣು ಹೋಯ್ತು. 1944ರಲ್ಲಿ ನ್ಯೂಯಾರ್ಕಿನ ಪತ್ರಕರ್ತ ಅಲ್ ಲೇನಿ ಹುಡುಕಿಕೊಂಡು ಹೋದಾಗ ಹಾರ್ಲೆಮ್‌ನಲ್ಲಿ ಕೈಯಲ್ಲಿ ಕಾಸಿಲ್ಲದೆ ಒಬ್ಬರೇ ಬದುಕ್ತಿದ್ದರು. ಲೇಖನ ಓದಿದ ಜನ ಹಣ ಕೂಡಿಸಿ ಕೊಟ್ಟರು.

1915ರಲ್ಲಿ ಹವಾನಾದಲ್ಲಿ ಜಾನ್ಸನ್ ಪಟ್ಟ ಕಳೆದುಕೊಂಡ ಮೇಲೆ, 1937ರಲ್ಲಿ ಜೋ ಲೂಯಿಸ್‌ವರೆಗೆ, 22 ವರ್ಷ ಯಾವ ಕಪ್ಪು ಬಾಕ್ಸರ್‌ಗೂ ಹೆವಿವೇಟ್ ಪಟ್ಟಕ್ಕೆ ಆಡೋ ಅವಕಾಶ ಕೊಡಲಿಲ್ಲ. ಅದರ ನಡುವೆ ಸಿಕ್ಕಿಹಾಕಿಕೊಂಡವರು ಈ ಹ್ಯಾರಿ ವಿಲ್ಸ್. ಡೆಂಪ್ಸಿ ಜೊತೆ ಅವರ ಫೈಟ್‌ಗೆ ವರ್ಷಗಟ್ಟಲೆ ಮಾತುಕತೆ ನಡೀತು, ಒಪ್ಪಂದಕ್ಕೆ ಸಹಿಯೂ ಬಿತ್ತು, ಫೈಟ್ ಮಾತ್ರ ಆಗಲಿಲ್ಲ. ಟೈಮ್ ಮಷೀನ್ ಬೇಕಿರಲಿಲ್ಲ ಇದಕ್ಕೆ. ಇಬ್ಬರೂ ಒಂದೇ ದೇಶದಲ್ಲಿ, ಒಂದೇ ಕಾಲದಲ್ಲಿ, ಗ್ಲೌಸ್ ಹಾಕ್ಕೊಂಡು ಸಿದ್ಧವಾಗಿದ್ದರು. ಅಲಿ-ಟೈಸನ್ ಫೈಟ್ ನಡೆಯದೇ ಇದ್ದದ್ದಕ್ಕೆ ಕಾಲ ಕಾರಣ. ಇದಕ್ಕೆ ಮನುಷ್ಯರು ಕಾರಣ.

ಹಾಗಾಗಿ ನನ್ನ ಕೇಳಿದ್ರೆ, ನಾನು ದುಡ್ಡು ಕೊಟ್ಟು ನೋಡೋ ಫೈಟ್ 1922ರ ಡೆಂಪ್ಸಿ ಮತ್ತು ವಿಲ್ಸ್, 15 ರೌಂಡ್. ವಿಲ್ಸ್ ಆರಡಿ ಮೇಲೆ, ಡೆಂಪ್ಸಿಗಿಂತ ಹತ್ತು ಕೆ.ಜಿ.ಗೂ ಹೆಚ್ಚು ತೂಕ, ಒಂದು ಕೈಲಿ ಹಿಡಿದು ಇನ್ನೊಂದು ಕೈಲಿ ಹೊಡೆಯೋದ್ರಲ್ಲಿ ಪಳಗಿದವರು. ಡೆಂಪ್ಸಿ ದೊಡ್ಡ ದೇಹದವರನ್ನು ಉರುಳಿಸೋದ್ರಲ್ಲಿ ನಿಸ್ಸೀಮ, ಅದನ್ನ ವಿಲ್ಲರ್ಡ್ ಹತ್ರಾನೇ ತೋರಿಸಿದ್ದರು. ಐದು ರೌಂಡ್‌ನೊಳಗೆ ಮುಗಿದ್ರೆ ಡೆಂಪ್ಸಿ. ಎಂಟು ದಾಟಿದ್ರೆ ವಿಲ್ಸ್. ನಾನು ವಿಲ್ಸ್ ಅಂತೀನಿ, ಪಾಯಿಂಟ್ಸ್ ಮೇಲೆ, ಅಲ್ಲಿಯ ತೀರ್ಪುಗಾರರು ಕೊಟ್ಟರೆ.

ನಿಮ್ಮ ಉತ್ತರನ ವಾಯ್ಸ್ ನೋಟ್ ಮಾಡಿ ಕಳಿಸಿ. ಯಾವ ವರ್ಷದ ಬಾಕ್ಸರ್, ಎಷ್ಟು ರೌಂಡ್ ಅಂತ ಹೇಳೋದು ಮರೀಬೇಡಿ, ಇಲ್ಲಾಂದ್ರೆ ನಾನು ವಾಪಸ್ ಕೇಳ್ತೀನಿ.